ವೈದ್ಯ ವಿಯರ್ ಮಿಚೆಲನ ಚರಿತ್ರೆ

ಅಮೇರಿಕ ದೇಶದ ಫಿಲಡೆಲ್ಫಿಯ ಪಟ್ಟಣದಲ್ಲಿ 1829ನೆಯ ಇಸವಿಯಲ್ಲಿ ಸೈಲಸ್ ವಿಯರ್ ಮಿಚೆಲನು ಹುಟ್ಟಿದನು. ತಂದೆಯು ವೈದ್ಯನು, ಮಗನೂ 1850ರಲ್ಲಿ ಅದೇ ವಿದ್ಯೆಯಲ್ಲಿ ತೇರ್ಗಡೆ ಹೊಂದಿ, ಹಾವಿನ ವಿಷದ ಕುರಿತು ಶೋಧನೆ ಮಾಡಿ ಹೆಸರು ಪಡೆದನು. ಆದರೆ ನಾವು ಆತನ ಚರಿತ್ರೆಯನ್ನು ಇಲ್ಲಿ ಬರೆಯುವದು ನೋವಿನ ವಿಷಯವಾಗಿಯೇ.

1861ರಿಂದ 1865ರ ವರೆಗೆ ಆ ದೇಶದ ಉತ್ತರದವರಿಗೂ ದಕ್ಷಿಣದವರಿಗೂ ದಾಸತ್ವದ ನಿಮಿತ್ತ ಘೋರ ಯುದ್ಧ ನಡೆಯಿತು. ನರಗಳಿಗೆ ಗುಂಡು ತಗಲಿದ ಸಿಪಾಯಿಗಳನ್ನು ಫಿಲಡೆಲ್ಫಿಯದ ಟರ್ನರ್ಸ್ ಲೇನ್ ಆಸ್ಪತ್ರೆಯಲ್ಲಿ ಕೂಡಿಸಿದರು. ಮಿಚೆಲನು ಮೋರ್‌ಹೌಸ್, ಕೀನ್ ಎಂಬ ಇಬ್ಬರು ವೈದ್ಯರೊಡನೆ ಅವರನ್ನು ನೋಡಿಕೊಂಡನು. ಗಾಯ ಮಾಯ್ದ ಮೇಲೆಯೂ ಕೆಲವರ ಕೈಕಾಲುಗಳು ಬೆಂಕಿಯಲ್ಲಿಟ್ಟಂತೆ ಉರಿಯುತ್ತಿದ್ದವು. ಅವರು ಹಗಲಿರುಳು ಒದ್ದೆಬಟ್ಟೆ ಸುತ್ತಿಕೊಂಡಿರುವರು. ಬೂಟಿನೊಳಗೂ ನೀರು ಹೊಯ್ದುಕೊಳ್ಳುವರು. ಪಕ್ಕದಲ್ಲಿ ಕಾಗದವು ಸದ್ದು ಮಾಡಿದರೂ ಉರಿ ಹೆಚ್ಚುವದು. ಕಾಲು ಕತ್ತರಿಸಲ್ಪಟ್ಟವರು ಆ ಇಲ್ಲದ ಕಾಲಿನ ಬೆರಳು ನೋಯುತ್ತದೆಂದು ನರಳುವರು.

ಯುದ್ಧವನ್ನು ತಪ್ಪಿಸಿಕೊಳ್ಳಲು ರೋಗದ ಸೋಗು ಹಾಕುವವರೂ ಇದ್ದರು. ಅಂಥವರನ್ನು ಕಂಡುಹಿಡಿಯುವ ಬಗೆಯನ್ನು ಈ ಮೂವರೇ 1864ರಲ್ಲಿ ಬರೆದು ಪ್ರಕಟಿಸಿದರು. ಹಾಗಿದ್ದರೂ ಮಿಚೆಲನು ಈ ಉರಿಯನ್ನು ಸೋಗೆಂದು ತಳ್ಳಿಬಿಡದೆ, ಒಬ್ಬೊಬ್ಬನ ಮಾತನ್ನೂ ಕೇಳಿ ಬರೆದಿಟ್ಟನು. ನರಗಳ ಗಾಯವನ್ನು ಕುರಿತ ಅವರ ಪುಸ್ತಕವು ಅದೇ ವರುಷ ಹೊರಟಿತು. ಇಲ್ಲದ ಅಂಗದ ಈ ಅನುಭವಕ್ಕೆ 1871ರಲ್ಲಿ ಆತನು ಭೂತಾಂಗವೆಂಬ ಅರ್ಥದ ಹೆಸರಿಟ್ಟನು. ಹೆಸರಿನಲ್ಲಿ ಭೂತವಿದ್ದರೂ ಕಾರಣವನ್ನು ನರಗಳಲ್ಲಿಯೇ ಹುಡುಕಿದನು.

ಬೆನ್ನುಹುರಿಗೆ ಪೆಟ್ಟು ತಗಲಿದವರಲ್ಲಿಯೂ ಇಂಥ ಉರಿ ಉಂಟು. ಅವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಅದು ಬಾಧಿಸುತ್ತದೆ. ಇದರ ಕಾರಣವನ್ನು ಈಗಿನ ಶೋಧಕರು ಹೆಚ್ಚಾಗಿ ಬಲ್ಲರು. ನೋವಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಕಣಗಳಿರುವಂತೆ, ಅದನ್ನು ತಡೆಯುವ ಕಣಗಳೂ ಬೆನ್ನುಹುರಿಯಲ್ಲಿವೆ. ಪೆಟ್ಟಿನಿಂದ ತಡೆಯುವವುಗಳು ಸತ್ತರೆ ಉಳಿದವುಗಳು ಅಂಕೆ ತಪ್ಪಿ, ಕೆಳಗಿನಿಂದ ಯಾವ ಸುದ್ದಿಯೂ ಬಾರದಿದ್ದರೂ ತಾವೇ ಸುದ್ದಿ ಹುಟ್ಟಿಸುತ್ತವೆ. ನರಕಣಗಳನ್ನು ಕಾಯುವ ಬೇರೆ ಸಣ್ಣ ಕಣಗಳು ಕೆರಳಿ ಈ ಗದ್ದಲವನ್ನು ವರುಷಗಟ್ಟಲೆ ನಡಿಸುತ್ತವೆ. ಮಿದುಳು ಅದನ್ನು ಕಾಲಿನ ನೋವೆಂದೇ ತಿಳಿಯುವದು. ಹೀಗೆ, ಕೆಂಡ ತಗಲಿದರೂ ತಿಳಿಯದ ಕಾಲು ಒಳಗೊಳಗೆ ಸುಡುತ್ತದೆ. ಸಾಧಾರಣವಾದ ನೋವಿನ ಮಾತ್ರೆಯಿಂದ ಇದಕ್ಕೆ ಹೆಚ್ಚು ಪ್ರಯೋಜನವಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಎಂಬ ಔಷಧಗಳಿಂದ ಕೆಲವರಿಗೆ ತಕ್ಕಮಟ್ಟಿಗೆ ಉಪಶಮನವಾಗುವದು. ಅದನ್ನು ವೈದ್ಯರೇ ಕೊಡಬೇಕು.

ನಮ್ಮ ಸಭೆಗಳಲ್ಲಿ ಅಡಿಕೆ ಮರದಿಂದ ಬಿದ್ದು ನಡೆಯಲಾರದೆ ಮಲಗಿರುವವರನ್ನು ನಾವು ಬಲ್ಲೆವು. ಸತ್ತ ಕಾಲು ಹೇಗೆ ನೋಯುವದೆಂದು ನೆರೆಯವರು ನಗುವದುಂಟು. ಪಿಶಾಚಿಯೆಂದೂ, ಗುಪ್ತಪಾಪವೆಂದೂ, ವಿಶ್ವಾಸದ ಕೊರತೆಯೆಂದೂ ಹೇಳುವವರುಂಟು. ಯೋಬನ ಮಿತ್ರರು ಏಳು ದಿವಸ ಸುಮ್ಮನೆ ಕೂತಿದ್ದದ್ದು ಅವರ ಮುಂದಿನ ಮಾತುಗಳಿಗಿಂತ ಲೇಸಾಗಿತ್ತೆಂದು ನಮಗೆ ತೋರುತ್ತದೆ.

ಮಿಚೆಲನು ಎಲ್ಲರ ಮಾತನ್ನೂ ಹೀಗೆ ಕೇಳಿದನೆನ್ನಲಾರೆವು. ಮನೋವ್ಯಥೆಯುಳ್ಳ ಸ್ತ್ರೀಯರನ್ನು ಆತನು ವಾರಗಟ್ಟಲೆ ಮಂಚದಲ್ಲಿ ಮಲಗಿಸಿ, ಓದುಬರಹವನ್ನು ನಿಷೇಧಿಸಿ ಚಿಕಿತ್ಸೆ ಮಾಡಿದನು. 1887ರಲ್ಲಿ ಆತನ ಬಳಿಗೆ ಬಂದ ಶಾರ್ಲೆಟ್ ಗಿಲ್ಮನ್ ಎಂಬ ಬರಹಗಾರ್ತಿಗೆ ಇದರಿಂದ ಕೇಡೇ ಆಯಿತು.

1895ರಲ್ಲಿ ಆತನ ಮಗನಾದ ಜಾನನು ಆ ಹಳೇ ಸಿಪಾಯಿಗಳಲ್ಲಿ ಸಿಕ್ಕಿದವರನ್ನು ತಿರಿಗಿ ವಿಚಾರಿಸಿ ಒಂದು ಪುಸ್ತಕ ಬರೆದನು. 30 ವರುಷ ಕಳೆದಿದ್ದರೂ ಕೆಲವರನ್ನು ನೋವು ಬಿಟ್ಟಿರಲಿಲ್ಲ. ಮಿಚೆಲನು 1914ರ ಜನವರಿಯಲ್ಲಿ ಫಿಲಡೆಲ್ಫಿಯದಲ್ಲಿಯೇ ತೀರಿಕೊಂಡನು.