ಗಣಕಯಂತ್ರದೊಡನೆ ಸ್ಪರ್ಧಿಸಿದ ಶಕುಂತಲಾ ದೇವಿ

ಆರ್‌ಪಿಸಿ ಲೇಔಟ್‌ನ ದಿನಸಿ ಅಂಗಡಿಯಲ್ಲಿ ಇಂದು ತಿಂಗಳ ಸಾಮಾನಿನ ಲೆಕ್ಕವನ್ನು ಬಾಯಲ್ಲಿ ಮಾಡುವವರು ವಿರಳ. ಗುಂಡಿ ಒತ್ತಿದರೆ ಮೊತ್ತ ಸಿದ್ಧ. ಯಂತ್ರಕ್ಕಿಂತ ಮನುಷ್ಯನ ಮಿದುಳು ವೇಗವಾಗಿ ಲೆಕ್ಕ ಮಾಡಬಲ್ಲದೆಂದು ಜಗತ್ತಿಗೆ ತೋರಿಸಿಕೊಟ್ಟ ಶಕುಂತಲಾ ದೇವಿ ಇದೇ ಬೆಂಗಳೂರಿನ ಮಗಳು.

ಅವರು ಜನಿಸಿದ್ದು 1929ರ ನವೆಂಬರ್ 4ರಂದು. ತಂದೆ ಸರ್ಕಸ್ ಕಲಾವಿದರು. ಮೂರು ವರ್ಷದ ಮಗಳೊಡನೆ ಇಸ್ಪೀಟು ಆಡುವಾಗ ಆಕೆಯ ಅಸಾಧಾರಣ ನೆನಪಿನ ಶಕ್ತಿ ಅವರ ಗಮನಕ್ಕೆ ಬಂತು. ಸರ್ಕಸ್ ತೊರೆದ ತಂದೆ ಮಗಳ ಪ್ರದರ್ಶನಗಳನ್ನು ಏರ್ಪಡಿಸತೊಡಗಿದರು. ಆರನೆಯ ವಯಸ್ಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಲೆಕ್ಕ ಬಿಡಿಸಿದ ಬಾಲಕಿಗೆ ಕ್ರಮಬದ್ಧ ಶಾಲಾ ಶಿಕ್ಷಣ ಮಾತ್ರ ದೊರೆಯಲಿಲ್ಲ. ಬಡ ಕುಟುಂಬದ ಹೊಣೆ ಎಳೆಯ ಹೆಗಲಿಗೇರಿತ್ತು. 1944ರಲ್ಲಿ ತಂದೆಯೊಡನೆ ಲಂಡನ್ನಿಗೆ ತೆರಳಿದರು.

ಅಂದಿನ ಗಣಕಯಂತ್ರಗಳು ಕೋಣೆ ತುಂಬುವಷ್ಟು ದೊಡ್ಡವು. 1946ರಲ್ಲಿ ಅಮೆರಿಕದಲ್ಲಿ ಅನಾವರಣಗೊಂಡ ಎನಿಯಾಕ್‌ನಲ್ಲಿ ಸುಮಾರು 18 ಸಾವಿರ ನಿರ್ವಾತ ಕೊಳವೆಗಳಿದ್ದವು. ಈ ಚಿತ್ರವನ್ನು ಬದಲಿಸಿದ್ದು ಮೈಕ್ರೋಪ್ರೊಸೆಸರ್. ಆದೇಶಗಳನ್ನು ಓದಿ ಲೆಕ್ಕ ನಡೆಸುವ ಗಣಕದ ಕೇಂದ್ರಭಾಗವೆಲ್ಲ ಬೆರಳ ತುದಿಯಷ್ಟು ಸಿಲಿಕಾನ್ ಬಿಲ್ಲೆಯಲ್ಲಿ ಅಡಕವಾಯಿತು. 1971ರಲ್ಲಿ ಇಂಟೆಲ್ ಸಂಸ್ಥೆ ಮಾರುಕಟ್ಟೆಗೆ ತಂದ 4004 ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಅದು ರೂಪುಗೊಂಡದ್ದು ಬಿಸಿಕಾಂ ಎಂಬ ಜಪಾನಿ ಸಂಸ್ಥೆಯ ಕ್ಯಾಲ್ಕುಲೇಟರಿಗಾಗಿ. ಆದೇಶಗಳನ್ನು ಬದಲಿಸಿದರೆ ಅದೇ ಚಿಪ್ ಬೇರೆ ಕೆಲಸಕ್ಕೂ ಒದಗುತ್ತಿತ್ತು. ಕ್ರಾಂತಿಯ ಬೀಜ ಇದ್ದುದು ಅಲ್ಲಿಯೇ.

ಶಕುಂತಲಾ ದೇವಿಯವರ ಕೀರ್ತಿ ಉತ್ತುಂಗಕ್ಕೇರಿದ್ದೂ ಇದೇ ದಶಕದಲ್ಲಿ. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು ಅವರು 50 ಸೆಕೆಂಡುಗಳಲ್ಲಿ ಹೇಳಿದರು. ಯೂನಿವ್ಯಾಕ್ ಗಣಕ 62 ಸೆಕೆಂಡು ತೆಗೆದುಕೊಂಡಿತೆಂದು ವರದಿಯಾಯಿತು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎರಡು 13 ಅಂಕಿಗಳ ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ನೀಡಿ ಗಿನ್ನೆಸ್ ದಾಖಲೆಗೆ ಸೇರಿದರು. ಮರುವರ್ಷವೇ, ಮೈಕ್ರೋಪ್ರೊಸೆಸರ್ ಆಧಾರಿತ ಐಬಿಎಂ ಪರ್ಸನಲ್ ಕಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ವೇಗದ ಪೈಪೋಟಿಯಲ್ಲಿ ಮನುಷ್ಯನಿಗೆ ಇನ್ನು ಗೆಲುವಿರಲಿಲ್ಲ.

ಆದರೂ ಅವರ ಕಾರ್ಯ ನಿಲ್ಲಲಿಲ್ಲ. ಮಾನವ ಗಣಕ ಎಂಬ ಬಿರುದನ್ನು ಅವರು ಅಷ್ಟಾಗಿ ಮೆಚ್ಚಿದವರಲ್ಲ. ಗಣಕವನ್ನು ನಿರ್ಮಿಸಿದ ಮಿದುಳೇ ಮಿಗಿಲೆಂಬುದು ಅವರ ನಿಲುವಾಗಿತ್ತು. ಗಣಿತದ ಭಯ ಹೋಗಲಾಡಿಸುವ ಪುಸ್ತಕಗಳನ್ನು ಬರೆದರು. ಸಲಿಂಗಿಗಳ ಬದುಕಿನ ಬಗ್ಗೆ 1977ರಲ್ಲಿಯೇ ಗ್ರಂಥ ರಚಿಸಿದರು. 1980ರ ಲೋಕಸಭಾ ಚುನಾವಣೆಯಲ್ಲಿ ಮೇದಕ್ ಕ್ಷೇತ್ರದಲ್ಲಿ ಇಂದಿರಾ ಗಾಂಧಿಯವರ ವಿರುದ್ಧ ಸ್ಪರ್ಧಿಸಿ ಸೋತರು. 2013ರ ಏಪ್ರಿಲ್ 21ರಂದು, 83ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು.

ಲಂಡನ್ ಸಾಧನೆಯ ಪ್ರಮಾಣಪತ್ರವನ್ನು ಗಿನ್ನೆಸ್ ಸಂಸ್ಥೆ ನೀಡಿದ್ದು 2020ರಲ್ಲಿ, ಅವರ ನಿಧನಾನಂತರ. ಅಷ್ಟರಲ್ಲಿ ಪ್ರತಿಯೊಬ್ಬರ ಜೇಬಿನ ಮೊಬೈಲ್ ಫೋನೂ ಯೂನಿವ್ಯಾಕನ್ನು ಎಷ್ಟೋ ಪಟ್ಟು ಮೀರಿಸಿತ್ತು. ಯಂತ್ರಕ್ಕೆ ಲೆಕ್ಕ ಬಂದಿದೆ. ಲೆಕ್ಕದಲ್ಲಿ ಆಕೆ ಕಂಡ ಸಂತೋಷ ಇನ್ನೂ ಮನುಷ್ಯನದೇ.