ವಿಖೆರ್ನರೂ ಆಗಮನ ಕಾಲದ ದೀಪಚಕ್ರವೂ

ಕ್ರಿಸ್ತ ಜಯಂತಿಗೆ ಮುಂಚಿನ ನಾಲ್ಕು ಆದಿತ್ಯವಾರಗಳಿಗೆ ಆಗಮನ ಕಾಲವೆಂದು ಹೆಸರು. ಈ ದಿನಗಳಲ್ಲಿ ಹಸುರೆಲೆಗಳಿಂದ ಸುತ್ತಿದ ಚಕ್ರದ ಮೇಲೆ ವಾರಕ್ಕೊಂದರಂತೆ ಮೇಣದ ಬತ್ತಿಯನ್ನು ಹಚ್ಚುವ ಪದ್ಧತಿಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಈ ಪದ್ಧತಿಯು ಅರಮನೆಯಲ್ಲಾಗಲಿ ದೊಡ್ಡ ದೇವಾಲಯದಲ್ಲಾಗಲಿ ಹುಟ್ಟಿದ್ದಲ್ಲ. ದಿಕ್ಕಿಲ್ಲದ ಹುಡುಗರು ವಾಸಿಸುತ್ತಿದ್ದ ಒಂದು ಮನೆಯಲ್ಲಿ, ಹಳೆಯ ಬಂಡಿಯ ಗಾಲಿಯೊಂದರಿಂದ ಹುಟ್ಟಿತು. ಆ ಗಾಲಿಯನ್ನು ತೂಗಹಾಕಿದವರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಯೋಹಾನ ಹಿನ್ರಿಖ್ ವಿಖೆರ್ನರು 1808ನೆಯ ಇಸವಿ ಎಪ್ರಿಲ್ 21ರಂದು ಜರ್ಮನಿ ದೇಶದ ಹ್ಯಾಂಬರ್ಗ್ ಎಂಬ ರೇವು ಪಟ್ಟಣದಲ್ಲಿ ಹುಟ್ಟಿದರು. ಏಳು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. 1823ರಲ್ಲಿ, ಇವರಿಗೆ 15 ವರುಷವಾಗಿದ್ದಾಗ, ತಂದೆಯು ತೀರಿಹೋದನು. ವಿಧವೆಯಾದ ತಾಯಿಯ ಮತ್ತು ತಮ್ಮ ತಂಗಿಯರ ಭಾರವು ಈ ಹುಡುಗನ ಹೆಗಲ ಮೇಲೆ ಬಿತ್ತು. ಶಾಲೆಗೆ ಹೋಗುತ್ತಲೇ ಇತರರ ಮಕ್ಕಳಿಗೆ ಪಾಠವನ್ನೂ ಸಂಗೀತವನ್ನೂ ಕಲಿಸಿ, ಅದರಿಂದ ಬಂದ ಹಣವನ್ನು ಮನೆಯ ಖರ್ಚಿಗೆ ಕೊಡುತ್ತಿದ್ದರು. ಬಡತನವೆಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ. ತರುವಾಯ ದಯಾವಂತರಾದ ಕೆಲವರ ಸಹಾಯದಿಂದ ಗ್ಯೋಟಿಂಗೆನ್ ಮತ್ತು ಬರ್ಲಿನ್ ವಿದ್ಯಾಲಯಗಳಲ್ಲಿ ದೇವಜ್ಞಾನ ಶಾಸ್ತ್ರವನ್ನು ಅಭ್ಯಾಸಮಾಡಿದರು.

ಹ್ಯಾಂಬರ್ಗಿಗೆ ಹಿಂದಿರುಗಿ ಬಂದ ಮೇಲೆ ರೌಟೆನ್‌ಬೆರ್ಗ್ ಎಂಬ ಬೋಧಕರ ಆದಿತ್ಯವಾರ ಶಾಲೆಯಲ್ಲಿ ಉಪಾಧ್ಯಾಯರಾದರು. ಅಲ್ಲಿಗೆ ಬರುತ್ತಿದ್ದ ಮಕ್ಕಳ ಮನೆಗಳನ್ನು ಹುಡುಕಿಕೊಂಡು ಹೋದಾಗ ಅವರು ಕಂಡ ಸಂಗತಿಗಳು ಅವರ ಮನಸ್ಸನ್ನು ಕಲಕಿದವು. ಇಕ್ಕಟ್ಟಾದ ಕತ್ತಲೆಯ ಕೋಣೆಗಳಲ್ಲಿ ಹಲವು ಮಂದಿ ಒಟ್ಟಿಗೆ ಬಿದ್ದುಕೊಂಡಿದ್ದರು. ಕುಡಿತದಿಂದ ಕೆಟ್ಟ ಹೆತ್ತವರೂ, ಭಿಕ್ಷೆಯಿಂದಲೂ ಕಳ್ಳತನದಿಂದಲೂ ಹೊಟ್ಟೆ ಹೊರೆಯುವ ಮಕ್ಕಳೂ ಅಲ್ಲಿದ್ದರು. ವಾರಕ್ಕೆ ಒಂದು ಗಳಿಗೆಯ ಪಾಠವು ಇಂಥವರಿಗೆ ಸಾಲದೆಂದೂ, ಮನೆಯಿಲ್ಲದ ಮಕ್ಕಳಿಗೆ ಮೊದಲು ಮನೆಯೇ ಬೇಕೆಂದೂ ವಿಖೆರ್ನರು ನಿಶ್ಚಯಿಸಿದರು.

ನಗರದ ಅಧಿಕಾರಿಗಳಲ್ಲಿ ಒಬ್ಬರಾದ ಕಾರ್ಲ್ ಸೀವೆಕಿಂಗರು ಪಟ್ಟಣದ ಹೊರಗೆ ಹೋರ್ನ್ ಎಂಬಲ್ಲಿದ್ದ ತಮ್ಮ ಚಿಕ್ಕ ಹುಲ್ಲಿನ ಮನೆಯೊಂದನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟರು. ಅದಕ್ಕೆ ಮೊದಲಿನಿಂದಲೂ ಒರಟು ಮನೆ ಎಂಬ ಹೆಸರಿತ್ತು. 1833ನೆಯ ಇಸವಿ ಅಕ್ಟೋಬರ್ 31ರಂದು ವಿಖೆರ್ನರು ತಮ್ಮ ತಾಯಿಯನ್ನೂ ತಂಗಿಯನ್ನೂ ಕರಕೊಂಡು ಅಲ್ಲಿ ಬಿಡಾರ ಮಾಡಿದರು. ನವೆಂಬರಿನಲ್ಲಿ ಮೊದಲನೆಯ ಹುಡುಗರು ಬಂದರು. ವರುಷದ ಅಂತ್ಯಕ್ಕೆ ಅವರು 12 ಮಂದಿಯಾದರು. ಆ ಮನೆಗೆ ಸೆರೆಮನೆಯಂತೆ ಗೋಡೆಯೂ ಇರಲಿಲ್ಲ, ಅಗುಳಿಯೂ ಇರಲಿಲ್ಲ. ಬಂದವನ ಹಿಂದಿನ ತಪ್ಪುಗಳೆಲ್ಲ ಕ್ಷಮಿಸಲ್ಪಟ್ಟವೆಂದು ಮೊದಲೇ ತಿಳಿಸುತ್ತಿದ್ದರು. ಅವನನ್ನು ಕಟ್ಟುವ ಸಂಕೋಲೆಯು ಪ್ರೀತಿಯೊಂದೇ ಆಗಿತ್ತು.

ಮಕ್ಕಳು ಹೆಚ್ಚಿದಂತೆ ದೊಡ್ಡ ಕಟ್ಟಡವೊಂದನ್ನು ಕಟ್ಟಿ ಎಲ್ಲರನ್ನೂ ಅದರಲ್ಲಿ ತುಂಬಲಿಲ್ಲ. ಚಿಕ್ಕ ಚಿಕ್ಕ ಮನೆಗಳನ್ನು ಕಟ್ಟಿಸಿ, ಒಂದೊಂದರಲ್ಲಿ ಸುಮಾರು ಹನ್ನೆರಡು ಮಕ್ಕಳನ್ನು ಇರಿಸಿ, ಅಣ್ಣನಂತೆ ನೋಡಿಕೊಳ್ಳುವ ಒಬ್ಬ ಸಹೋದರನನ್ನು ನೇಮಿಸಿದರು. 1835ರಲ್ಲಿ ವಿಖೆರ್ನರು ಅಮಾಂಡಾ ಬ್ಯೋಮೆ ಎಂಬವರನ್ನು ಮದುವೆಯಾದರು. ಅಲ್ಲಿಯ ಕಲಿಕೆಯು ಬರೀ ಕಂಠಪಾಠವಾಗಿರಲಿಲ್ಲ. ಹುಡುಗರು ತೋಟದಲ್ಲಿ ಅಗೆದರು. ಬಡಗಿಯ ಕೆಲಸ, ಮೋಚಿಯ ಕೆಲಸ, ಹೊಲಿಗೆ ಇವುಗಳನ್ನು ಕಲಿತರು. ಹಾಡುವುದಂತೂ ದಿನದಿನದ ಅಭ್ಯಾಸವಾಗಿತ್ತು.

ಕ್ರಿಸ್ತ ಜಯಂತಿಯು ಸಮೀಪಿಸಿದಾಗ ಈ ಮಕ್ಕಳು ಹಬ್ಬವು ಯಾವಾಗ ಬರುವುದೆಂದು ದಿನಾಲು ಕೇಳಿ ಕೇಳಿ ಕಾಡುತ್ತಿದ್ದರಂತೆ. ವಿಖೆರ್ನರು ಅವರನ್ನು ಗದರಿಸಲಿಲ್ಲ. ಒಳ್ಳೇದೊಂದು ಬರುವುದೆಂದು ನಂಬಿ ಕಾಯುವುದನ್ನು ಬೀದಿಯಲ್ಲಿ ಬೆಳೆದ ಹುಡುಗರು ಎಲ್ಲಿಂದ ಕಲಿತಾರು? 1839ರ ಆಗಮನ ಕಾಲದಲ್ಲಿ ಅವರು ಹಳೆಯ ಬಂಡಿಯ ಮರದ ಗಾಲಿಯೊಂದನ್ನು ತರಿಸಿ, ಅದರ ಸುತ್ತಲೂ ಮೇಣದ ಬತ್ತಿಗಳನ್ನು ನಿಲ್ಲಿಸಿ, ಪ್ರಾರ್ಥನೆಯ ಕೋಣೆಯಲ್ಲಿ ತೂಗಹಾಕಿಸಿದರು. ಆದಿತ್ಯವಾರಗಳಿಗೆ ನಾಲ್ಕು ದೊಡ್ಡ ಬಿಳೀ ಬತ್ತಿಗಳು; ನಡುವಣ ದಿನಗಳಿಗೆ ಚಿಕ್ಕ ಕೆಂಪು ಬತ್ತಿಗಳು. ದಿನಕ್ಕೊಂದರಂತೆ ಹೊಸ ಬತ್ತಿಯನ್ನು ಹಚ್ಚುತ್ತಾ, ದೇವರ ವಾಗ್ದಾನಗಳನ್ನು ನೆನೆದು ಹಾಡುತ್ತಿದ್ದರು. ಹಬ್ಬಕ್ಕೆ ಇನ್ನೆಷ್ಟು ದಿನವೆಂದು ಯಾರೂ ಕೇಳಬೇಕಾಗಿರಲಿಲ್ಲ. ಓದಲು ಬಾರದವನೂ ಹಚ್ಚದೆ ಉಳಿದ ಬತ್ತಿಗಳನ್ನು ಎಣಿಸಿ ತಿಳಿಯಬಹುದಾಗಿತ್ತು. ಹೀಗೆ ಲೆಕ್ಕದ ಪಾಠವೂ ತಾಳ್ಮೆಯ ಪಾಠವೂ ನಿರೀಕ್ಷೆಯ ಪಾಠವೂ ಒಂದೇ ಗಾಲಿಯಿಂದ ದೊರೆತವು. ಕೆಲವು ವರುಷಗಳ ಮೇಲೆ ಗಾಲಿಗೆ ಹಸುರು ಕೊಂಬೆಗಳನ್ನು ಸುತ್ತುವುದು ರೂಢಿಯಾಯಿತು. ಮನೆಗಳಲ್ಲಿ ಅಷ್ಟು ದೊಡ್ಡ ಗಾಲಿಗೆ ಸ್ಥಳವಿಲ್ಲದ ಕಾರಣ ಆದಿತ್ಯವಾರಗಳ ನಾಲ್ಕು ಬತ್ತಿಗಳು ಮಾತ್ರ ಉಳಿದು, ಆ ಚಿಕ್ಕ ಚಕ್ರವೇ ಲೋಕದ ಅನೇಕ ದೇಶಗಳಿಗೆ ಹಬ್ಬಿತು.

ವಿಖೆರ್ನರ ಸೇವೆಯು ಒಂದು ಮನೆಯೊಳಗೆ ನಿಲ್ಲಲಿಲ್ಲ. 1848ರ ಸೆಪ್ಟೆಂಬರಿನಲ್ಲಿ ವಿಟ್ಟೆನ್‌ಬೆರ್ಗ್ ಪಟ್ಟಣದಲ್ಲಿ ಕೂಡಿಬಂದ ಸಭಾಮುಖ್ಯಸ್ಥರ ಮುಂದೆ ಅವರು ಮಾತಾಡಿ, ನಂಬಿಕೆಯು ಹೇಗೋ ಹಾಗೆಯೇ ಪ್ರೀತಿಯ ಸೇವೆಯೂ ಸಭೆಗೆ ಸೇರಿದ್ದೆಂದು ಬಲವಾಗಿ ತಿಳಿಸಿದರು. ಇದರಿಂದ ಸ್ವದೇಶದ ಬಡವರ ನಡುವೆ ಸೇವೆಮಾಡುವ ಒಳಮಿಶನ್ ಎಂಬ ಸಂಘವು ಏರ್ಪಟ್ಟಿತು. ಪ್ರಶ್ಯದ ಸೆರೆಮನೆಗಳ ಸುಧಾರಣೆಗೂ ಅವರು ದುಡಿದರು. 1858ರಲ್ಲಿ ಬರ್ಲಿನಿನಲ್ಲಿ ಯೋಹಾನೆಸ್‌ಸ್ಟಿಫ್ಟ್ ಎಂಬ ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಕೊನೆಯ ವರುಷಗಳಲ್ಲಿ ವ್ಯಾಧಿಯಿಂದ ಬಹಳವಾಗಿ ಬಳಲಿ, 1881ನೆಯ ಇಸವಿ ಎಪ್ರಿಲ್ 7ರಂದು ಹ್ಯಾಂಬರ್ಗಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಒರಟು ಮನೆಯ ಕೆಲಸವು ಈಗಲೂ ನಡೆಯುತ್ತಿದೆ.

ತಾಯಂದಿರೇ, ತಂದೆಗಳೇ, ಮಕ್ಕಳಿಗೆ ಬೋಧಿಸುವ ಸಾಮಾನು ನಮ್ಮಲ್ಲಿಲ್ಲವೆಂದು ಹೇಳಬೇಡಿರಿ. ಹಳೆಯ ಗಾಲಿಯೂ ಮೇಣದ ಬತ್ತಿಗಳೂ ವಿಖೆರ್ನರಿಗೆ ಸಾಕಾದವು. ನಮ್ಮ ಮನೆಗಳಲ್ಲಿ ಮಣ್ಣಿನ ಹಣತೆಗಳುಂಟು, ಹಿತ್ತಿಲಲ್ಲಿ ಮಾವಿನ ಎಲೆಯುಂಟು. ಸಂಜೆಯ ಪ್ರಾರ್ಥನೆಯಲ್ಲಿ ಮನೆಯ ಕಿರಿಯ ಕೈಯಿಂದ ದೀಪವನ್ನು ಹಚ್ಚಿಸಿರಿ. ಆಗ ನೆರೆಯಲ್ಲಿ ದಿಕ್ಕಿಲ್ಲದ ಮಗುವೊಂದಿದ್ದರೆ ಅದನ್ನೂ ಕರೆಯಿರಿ. ಆ ಚಕ್ರವು ಮೊದಲು ಬೆಳಗಿದ್ದು ಅಂಥವರಿಗಾಗಿಯೇ.