ಕಥೆಯಿಲ್ಲದ ಮಾಂಗಾ ಬಿಡಿಸಿದ ಹೊಕುಸಾಯಿ

ರಜೆಯಲ್ಲಿ ನಾನು ಓದಿದ ಒಂದು ಮಾಂಗಾದ ಚಿತ್ರಗಳು ಎಷ್ಟು ಸುಂದರವಾಗಿದ್ದವೆಂದರೆ, ಮಳೆ ಸುರಿಯುವ ಒಂದೇ ಪುಟವನ್ನು ಹತ್ತು ನಿಮಿಷ ನೋಡುತ್ತಾ ಕುಳಿತಿದ್ದೆ. ಆದರೆ ಆಪಾ ಬಂದು ಕಥೆ ಏನೆಂದು ಕೇಳಿದಾಗ ಬಾಯಿ ಕಟ್ಟಿತು. ನಾಲ್ಕು ಸಂಪುಟ ಮುಗಿಸಿದ್ದರೂ ಹೇಳುವಂಥದ್ದೇನೂ ಇರಲಿಲ್ಲ. ಕಥೆಯೇ ಸಪ್ಪೆಯಾದರೆ ಓದುವುದು ಟೈಮ್ ವೇಸ್ಟ್ ಎಂದು ಆಪಾ ತೀರ್ಪು ಕೊಟ್ಟುಬಿಟ್ಟರು. ಅವರಿಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಜಪಾನಿನ ಚಿತ್ರಕಾರ ಕತ್ಸುಶಿಕಾ ಹೊಕುಸಾಯಿ. ಇನ್ನೂರು ವರ್ಷಗಳ ಹಿಂದೆಯೇ ಮಾಂಗಾ ಎಂಬ ಹೆಸರಿನಲ್ಲಿ ಪುಸ್ತಕ ತಂದವರು ಅವರು. ಅದರಲ್ಲಿ ಕಥೆ ಎಂಬುದೇ ಇಲ್ಲ!

ಹೊಕುಸಾಯಿ ಹುಟ್ಟಿದ್ದು 1760ರಲ್ಲಿ, ಎದೋ ನಗರದಲ್ಲಿ. ಇಂದಿನ ಟೋಕಿಯೋ ಅದೇ. ಹುಡುಗನಾಗಿದ್ದಾಗ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಲ್ಲಿ ದುಡಿದರು. ನಂತರ ಮರದ ಅಚ್ಚು ಕೆತ್ತುವ ಕೆಲಸ ಕಲಿತರು. ಆಗ ಚಿತ್ರಕಾರರು ತೆಳು ಕಾಗದದ ಮೇಲೆ ಬಿಡಿಸಿದ್ದನ್ನು ಹಲಗೆಗೆ ಅಂಟಿಸಿ, ಬೇರೊಬ್ಬರು ಕೆತ್ತಿ, ಮತ್ತೊಬ್ಬರು ಮುದ್ರಿಸುತ್ತಿದ್ದರು. ತಮ್ಮ ಗೆರೆ ಉಳಿಗೆ ಸಿಕ್ಕಾಗ ಏನಾಗುತ್ತದೆ ಎಂಬುದು ಹೊಕುಸಾಯಿಗೆ ಮೊದಲೇ ಗೊತ್ತಿತ್ತು. ಹದಿನೆಂಟರ ಸುಮಾರಿಗೆ ಕತ್ಸುಕಾವಾ ಶುನ್‌ಶೋ ಎಂಬ ಗುರುಗಳ ಬಳಿ ಸೇರಿ ನಾಟಕದ ನಟರ ಚಿತ್ರ ಬಿಡಿಸತೊಡಗಿದರು. ಜೀವನದಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಹೆಸರು ಬದಲಿಸಿದರು, ತೊಂಬತ್ತಕ್ಕೂ ಹೆಚ್ಚು ಸಲ ಮನೆ ಬದಲಿಸಿದರು ಎನ್ನುತ್ತಾರೆ. ಈಗ ಇದ್ದಿದ್ದರೆ ಆಧಾರ್ ತಿದ್ದುಪಡಿಗೇ ಅರ್ಧ ಆಯುಷ್ಯ ಹೋಗುತ್ತಿತ್ತು!

ಅವರು ಕಥೆಗಳಿಗೆ ಚಿತ್ರ ಬಿಡಿಸಲಿಲ್ಲ ಎಂದಲ್ಲ. ಆ ಕಾಲದ ಹೆಸರಾಂತ ಕಾದಂಬರಿಕಾರ ಬಾಕಿನ್ ಅವರ ದೊಡ್ಡ ದೊಡ್ಡ ಪುಸ್ತಕಗಳಿಗೆ ಬಿಡಿಸಿದರು. ಬಾಕಿನ್ ಹೇಗಿರಬೇಕೆಂದು ತಾವೇ ಗೀಚಿ ಕಳಿಸುತ್ತಿದ್ದರಂತೆ, ಇವರು ಅದರಂತೆ ಬಿಡಿಸುತ್ತಲೇ ಇರಲಿಲ್ಲವಂತೆ. ಕೊನೆಗೆ ಬಲಗಡೆ ಬೇಕಾದ ಮನುಷ್ಯನನ್ನು ಬಾಕಿನ್ ಬೇಕೆಂದೇ ಎಡಗಡೆ ಗೀಚಿ ಕಳಿಸುತ್ತಿದ್ದರು ಎಂಬ ಮಾತಿದೆ. ಕಥೆ ದೊಡ್ಡದೋ ಚಿತ್ರ ದೊಡ್ಡದೋ ಎಂಬ ನಮ್ಮ ಮನೆಯ ಜಗಳ ಆಗಲೇ ಶುರುವಾಗಿತ್ತು.

1812ರಲ್ಲಿ ಹೊಕುಸಾಯಿ ನಗೋಯಾ ಊರಿಗೆ ಹೋಗಿ ಒಬ್ಬ ಶಿಷ್ಯರ ಮನೆಯಲ್ಲಿ ಉಳಿದರು. ಅಲ್ಲಿ ಬಿಡಿಸಿದ ಚಿತ್ರಗಳೇ 1814ರಲ್ಲಿ ಹೊಕುಸಾಯಿ ಮಾಂಗಾದ ಮೊದಲ ಸಂಪುಟವಾದವು. ಆಗ ಮಾಂಗಾ ಎಂದರೆ ಮನಸ್ಸಿಗೆ ಬಂದಂತೆ ಬಿಡಿಸಿದ ಚಿತ್ರಗಳು ಎಂದಷ್ಟೇ ಅರ್ಥ. ಚಿತ್ರ ಕಲಿಯುವವರು ನೋಡಿ ತಿದ್ದಲಿ ಎಂದು ಮಾಡಿದ ಪುಸ್ತಕ ಅದು. ನಮ್ಮ ದಾದಾ ಉರ್ದು ಅಕ್ಷರ ತಿದ್ದಿದ ತಖ್ತಿಯ ಕಥೆ ಹೇಳುತ್ತಿರುತ್ತಾರಲ್ಲ, ಹಾಗೆಯೇ. ಪುಟ ತಿರುಗಿಸಿದರೆ ಮೀನು, ಹಕ್ಕಿ, ಕುಸ್ತಿಪಟುಗಳು, ಗಾಳಿಗೆ ಸಿಕ್ಕಿ ಒದ್ದಾಡುವ ದಾರಿಹೋಕರು. ಒಂದು ಸಂಪುಟದಲ್ಲಿ ದಪ್ಪಗಿರುವವರೇ ಒಂದು ಕಡೆ, ಸಣಕಲರೇ ಇನ್ನೊಂದು ಕಡೆ. ಮೂರನೇ ಸಂಪುಟದಲ್ಲಿ ಗುಬ್ಬಚ್ಚಿ ಕುಣಿತ ಎಂಬ ನೃತ್ಯವಿದೆ. ಸಾಲು ಸಾಲಾಗಿ ಕುಣಿಯುವ ಪುಟ್ಟ ಮನುಷ್ಯರಲ್ಲಿ ಒಬ್ಬನ ಭಂಗಿ ಇನ್ನೊಬ್ಬನಿಗಿಲ್ಲ. ಬಣ್ಣವೂ ಕಪ್ಪು, ಬೂದು, ತಿಳಿ ಗುಲಾಬಿ, ಅಷ್ಟೇ. ಒಟ್ಟು 15 ಸಂಪುಟಗಳು, ಸುಮಾರು 4000 ಚಿತ್ರಗಳು. ಜನ ಕೊಂಡು ನೋಡಿದರು, ಮತ್ತೆ ಮತ್ತೆ ಅಚ್ಚಾಯಿತು.

ಹಣದ ವಿಷಯದಲ್ಲಿ ಮಾತ್ರ ಹೊಕುಸಾಯಿಯನ್ನು ನಮ್ಮ ಅಕೌಂಟೆನ್ಸಿ ಕ್ಲಾಸಿಗೆ ಕರೆಯುವಂತಿಲ್ಲ. ಚಿತ್ರಕ್ಕೆ ಬಂದ ಹಣದ ಪೊಟ್ಟಣವನ್ನು ಎಣಿಸದೆಯೇ ಅಂಗಡಿಯವನಿಗೆ ಕೊಟ್ಟುಬಿಡುತ್ತಿದ್ದರು ಎಂಬ ಕಥೆಯಿದೆ. ವಯಸ್ಸಾದ ಮೇಲೆ ಹೆಂಡತಿ ತೀರಿಕೊಂಡರು, ಜೂಜಾಡುವ ಮೊಮ್ಮಗನ ಸಾಲ ತಲೆಗೆ ಬಂತು. ಇಷ್ಟೆಲ್ಲ ಆದ ಮೇಲೆ, ಎಪ್ಪತ್ತು ದಾಟಿದ ಕೈಯಿಂದ, ಫೂಜಿ ಪರ್ವತದ ಚಿತ್ರಮಾಲೆ ಬಂತು. ಹೆಸರಿಗೆ 36 ನೋಟಗಳು, ಲೆಕ್ಕಕ್ಕೆ 46. ಎದ್ದು ನಿಂತ ನೀಲಿ ಅಲೆ, ದೋಣಿಗಳಲ್ಲಿ ಬಗ್ಗಿ ಕುಳಿತ ಜನ, ದೂರದಲ್ಲಿ ಪುಟ್ಟ ಫೂಜಿ ಇರುವ ಆ ಚಿತ್ರವನ್ನು ನೀವು ಯಾರದಾದರೂ ಟೀಶರ್ಟ್ ಮೇಲಾದರೂ ನೋಡಿರುತ್ತೀರಿ.

1834ರಲ್ಲಿ ಅವರು ತಮ್ಮ ಬಗ್ಗೆ ಬರೆದದ್ದು ನನಗೆ ತುಂಬಾ ಹಿಡಿಸಿತು. ಆರನೇ ವಯಸ್ಸಿನಿಂದ ಬಿಡಿಸುತ್ತಿದ್ದರೂ ಎಪ್ಪತ್ತರವರೆಗೆ ಮಾಡಿದ್ದು ಲೆಕ್ಕಕ್ಕೆ ಬಾರದು, ನೂರಹತ್ತು ದಾಟಿದರೆ ಪ್ರತಿ ಚುಕ್ಕೆಗೂ ಜೀವ ಬರಬಹುದು ಎಂಬ ಅರ್ಥದ ಮಾತು. 1839ರಲ್ಲಿ ಮನೆಗೆ ಬೆಂಕಿ ಬಿದ್ದು ರಾಶಿ ರಾಶಿ ಚಿತ್ರಗಳು ಸುಟ್ಟುಹೋದವು. ಎಂಬತ್ತು ದಾಟಿದ ಮೇಲೂ ಕೆಡುಕು ದೂರವಾಗಲೆಂದು ದಿನಕ್ಕೊಂದು ಸಿಂಹ ಬಿಡಿಸುತ್ತಿದ್ದರು. ಜೊತೆಗಿದ್ದವರು ಮಗಳು ಓಯಿ. ಅವರೂ ಒಳ್ಳೆಯ ಚಿತ್ರಕಾರ್ತಿ, ಅವರ ಬಗ್ಗೆ ಬೇರೆಯೇ ಲೇಖನ ಬೇಕು.

ನಾನು ಓದಿದ ಮಾಂಗಾದ ಕಥೆ ಸಪ್ಪೆಯೇ, ಆಪಾ ಹೇಳಿದ್ದು ಸುಳ್ಳಲ್ಲ. ಆದರೆ ಗುಬ್ಬಚ್ಚಿ ಕುಣಿತದ ಪುಟವನ್ನು ಮೊಬೈಲಿನಲ್ಲಿ ತೋರಿಸಿದಾಗ ಅವರು ಎರಡು ಬೆರಳಿಂದ ದೊಡ್ಡದು ಮಾಡಿ ಒಬ್ಬೊಬ್ಬರನ್ನೇ ನೋಡಿದರು. ಫೋನ್ ವಾಪಸ್ ಸಿಗಲು ಸ್ವಲ್ಪ ಹೊತ್ತಾಯಿತು.

ಹೊಕುಸಾಯಿ 1849ರಲ್ಲಿ ತೀರಿಕೊಂಡರು. ಮಾಂಗಾದ ಹದಿನೈದನೇ ಸಂಪುಟ ಬಂದದ್ದು 1878ರಲ್ಲಿ, ಅವರು ಹೋಗಿ ಇಪ್ಪತ್ತೊಂಬತ್ತು ವರ್ಷಗಳಾದ ಮೇಲೆ.